ಜಪಾನಿನ ಬಡಗಿಗಳೂ ವರ್ಷದ ಕೊನೆಗೆ ಆಯುಧಪೂಜೆ ಮಾಡ್ತಾರಾ?

ಕ್ಯಾತ್ಸಂದ್ರದ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ತುಮಕೂರು ಹತ್ತಿರದ ಕ್ಯಾತ್ಸಂದ್ರದಲ್ಲಿ ಬಡಗಿ ಕೆಲಸ ಮಾಡುತ್ತಾರೆ. ಬಾಗಿಲು, ಕಿಟಕಿ, ದೇವರ ಮಂಟಪ, ಹೆಚ್ಚಿನದೆಲ್ಲಾ ಕೈಕೆಲಸವೇ. ಈಚೆಗೆ ತಮ್ಮ ಒಂದು ಜಪಾನಿ ಗರಗಸ ತರಿಸಿಕೊಟ್ಟ. ಇಲ್ಲಿ ಅಂಗಡಿಯಲ್ಲಿ ಸಿಗುವ ಗರಗಸ ತಳ್ಳಿದಾಗ ಕೊಯ್ಯುತ್ತೆ, ಅದು ಎಳೆದಾಗ ಕೊಯ್ಯುತ್ತೆ. ಅಪ್ಪನಿಗೆ ತುಂಬಾ ಹಿಡಿಸಿದೆ. ಈಗ ರಾತ್ರಿ ಊಟ ಆದಮೇಲೆ ಜಪಾನಿ ಬಡಗಿಗಳ ವಿಡಿಯೋ ನೋಡುತ್ತಾ ಕೂರುತ್ತಾರೆ. ಮೊನ್ನೆ ಒಂದರಲ್ಲಿ ಕೆಲಸದ ಮೇಜಿನ ಮೇಲೆ ದೊಡ್ಡದೊಂದು ಬಿಳಿ ಉಂಡೆ, ಅದರ ಮೇಲೆ ಚಿಕ್ಕದೊಂದು, ತುದಿಗೆ ಕಿತ್ತಳೆ ಥರದ ಹಣ್ಣು. ಪಕ್ಕದಲ್ಲಿ ಬಾಚಿ. "ಅವರೂ ಆಯುಧಪೂಜೆ ಮಾಡ್ತಾರೇನಮ್ಮಾ? ಗೊತ್ತಿರೋರನ್ನ ಕೇಳು" ಅಂದರು. ವಸಂತನರಸಾಪುರದ ಕಡೆ ಜಪಾನಿನವರ ಜೊತೆ ಕೆಲಸ ಮಾಡುವವರು, ಅಲ್ಲಿಗೇ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಓದಿ ಹೇಳುತ್ತೇನೆ.

ನಂದಿ ತಪ್ಪಲು:
ತಂಗಿ, ಮೊದಲು ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ನಾನು ಚಿಕ್ಕಬಳ್ಳಾಪುರದವನು. ಗಿಫು ಪ್ರಾಂತ್ಯದ ತಕಯಾಮದಲ್ಲಿ ಒಂದು ಪೀಠೋಪಕರಣದ ಕಾರ್ಖಾನೆಯಲ್ಲಿ ಕೆಲವು ವರ್ಷ ಇದ್ದೆ. ಆ ಸೀಮೆಯ ಬಡಗಿಗಳಿಗೆ ಹಿಂದಿನಿಂದಲೂ ದೊಡ್ಡ ಹೆಸರು.

ಅಪ್ಪ ನೋಡಿದ್ದು ಮೋಚಿ. ಅಂಟಕ್ಕಿ ಬೇಯಿಸಿ, ಕುಟ್ಟಿ ಮಾಡಿದ ಉಂಡೆ. ಹೊಸ ವರ್ಷಕ್ಕೆ ದೇವರಿಗೆ ಇಡುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ಮೇಜಿಗೆ ಒಂದು, ದೊಡ್ಡ ಗರಗಸದ ಯಂತ್ರಕ್ಕೆ ಒಂದು, ರಂದಾ ಯಂತ್ರಕ್ಕೆ ಒಂದು ಇಡುತ್ತಿದ್ದೆವು. ಹಾಗಾಗಿ ಅಪ್ಪನ ಊಹೆ ಸರಿಯೇ. ಹಳೇ ಬಡಗಿ ಮನೆತನಗಳಲ್ಲಿ ಮೂರು ಹತಾರಗಳಿಗೆ ವಿಶೇಷ ಮರ್ಯಾದೆ: ಬಾಚಿ, ಮೂಲೆಮಟ್ಟ, ಆಮೇಲೆ ಗೆರೆ ಹೊಡೆಯುವ ದಾರದ ಮಸಿಡಬ್ಬಿ.

ಆದರೆ ಪೂಜೆಗಿಂತ ಅದರ ಹಿಂದಿನ ಕೆಲಸವನ್ನು ಅಪ್ಪನಿಗೆ ಬಿಡಿಸಿ ಹೇಳಿ. ನನ್ನ ಮನಸ್ಸಲ್ಲಿ ಉಳಿದಿರುವುದು ಅದೇ. ಹಳೇ ಪದ್ಧತಿಯಲ್ಲಿ ವರ್ಷದ ಹೊಗೆಮಸಿ, ಧೂಳು ತೆಗೆಯುವ ಕೆಲಸ ಡಿಸೆಂಬರ್ 13ಕ್ಕೇ ಶುರು. ಕ್ಯೋತೋದ ಎರಡು ಹೊಂಗಾಂಜಿ ದೇವಾಲಯಗಳಲ್ಲಿ ಈಗಲೂ 20ಕ್ಕೆ ಇಡೀ ಮಂಟಪದ ಧೂಳು ಹೊಡೆಯುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ರಜೆಗೆ ಮುಂಚಿನ ಎರಡು ದಿನ ಹೊಸ ಕೆಲಸ ಮುಟ್ಟುವಂತಿರಲಿಲ್ಲ. ತೊಲೆ ಮೇಲಿನ ಮರದ ಪುಡಿ, ಯಂತ್ರದ ಹೊಟ್ಟೆಯೊಳಗಿನ ಹೊಟ್ಟು, ಕಿಟಕಿ ಸಂದು, ಎಲ್ಲಾ ತೆಗೆಯಬೇಕು. ಯಜಮಾನರು ಕೆಳಗೆ ನಿಂತು ಹೇಳುವವರಲ್ಲ. ಎಪ್ಪತ್ತರ ವಯಸ್ಸಲ್ಲಿ ತಾವೇ ಮಂಡಿಯೂರಿ ನೆಲ ಒರೆಸುತ್ತಿದ್ದರು. ಅವರು ಒರೆಸುವಾಗ ನಾವು ಸುಮ್ನೆ ನಿಲ್ಲೋಕಾಗುತ್ತಾ?

ಆಮೇಲೆ ಹತಾರ. ಉಳಿಗಳನ್ನೆಲ್ಲಾ ಸಾಣೆ ಹಿಡಿಯಬೇಕು, ವರ್ಷವಿಡೀ ಮುಟ್ಟದೇ ಇದ್ದ ಉಳಿಯನ್ನೂ ಸೇರಿಸಿ. ಮೊಂಡು ಉಳಿ ಹೊಸ ವರ್ಷಕ್ಕೆ ದಾಟಬಾರದು ಅನ್ನೋರು ಯಜಮಾನರು. ಅಲ್ಲಿ ಸಾಣೆಕಲ್ಲಿಗೆ ಎಣ್ಣೆ ಅಲ್ಲ, ನೀರು. ಉಜ್ಜಿ ಉಜ್ಜಿ ಕಲ್ಲಿನ ನಡುವೆ ಗುಳಿ ಬಿದ್ದಿರುತ್ತೆ, ಮೊದಲು ಅದನ್ನು ಸಮ ಮಾಡಬೇಕು. ತಕಯಾಮದಲ್ಲಿ ಆ ಹೊತ್ತಿಗೆ ಹಿಮ ಬೀಳುತ್ತೆ. ನೆನೆದ ಕಲ್ಲನ್ನು ಚಳಿಯಲ್ಲಿ ಬಿಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಸೀಳಿಬಿಡುತ್ತೆ. ಅದಕ್ಕೇ ರಾತ್ರಿ ಬೆಚ್ಚಗಿನ ಕೋಣೆಗೆ ಒಯ್ಯುತ್ತಿದ್ದೆವು. ಉಜ್ಜುಗೊರಡಿನ ಕೊರಡನ್ನು ಮೆಲ್ಲಗೆ ತಟ್ಟಿ ಅಲಗು ಸಡಿಲ ಮಾಡಿಡುತ್ತಾರೆ. ಬಿಗಿಯಾಗೇ ಇದ್ದರೆ ರಜೆಯಲ್ಲಿ ಮರ ಸೊಟ್ಟಗಾಗಬಹುದು. ಕೊನೆಗೆ ಅಲಗಿಗೆ ಕ್ಯಾಮೆಲಿಯಾ ಬೀಜದ ಎಣ್ಣೆ.

ಇಷ್ಟಾದ ಮೇಲೇ ಬಾಗಿಲಿಗೆ ಭತ್ತದ ಹುಲ್ಲಿನ ಹಗ್ಗ, ಮೋಚಿ. ಅದನ್ನೆಲ್ಲ 28ಕ್ಕೆ ಇಡಬೇಕು, ತಪ್ಪಿದರೆ 30ಕ್ಕೆ. ಒಂಬತ್ತರ ಅಂಕಿ ಕಷ್ಟ ತರುತ್ತೆ ಅನ್ನೋ ನಂಬಿಕೆಯಿಂದ 29 ಬೇಡ. 31ಕ್ಕೆ ಇಟ್ಟರೆ ಒಂದೇ ರಾತ್ರಿಯ ಅವಸರದ ಅಲಂಕಾರ, ದೇವರಿಗೆ ಅಗೌರವ. 31ರ ರಾತ್ರಿ ಬಕ್‌ವೀಟ್ ಅನ್ನೋ ಕಾಳಿನ ಹಿಟ್ಟಿನ ಶಾವಿಗೆ ತಿನ್ನುತ್ತಾರೆ, ದೇವಾಲಯದಲ್ಲಿ 108 ಸಲ ಗಂಟೆ ಹೊಡೆಯುತ್ತಾರೆ. ಅದನ್ನು ಎಲ್ಲರೂ ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ.

ಗುಬ್ಬಿ ಮೇಷ್ಟ್ರು:
ಒಳ್ಳೆ ಮಾಹಿತಿ ಸಾರ್. ಅವರಿಗೂ ಚಾಂದ್ರಮಾನ ಪಂಚಾಂಗ ಇತ್ತಲ್ವಾ? ಜನವರಿ 1 ಯಾಕೆ? ವಿಶ್ವಕರ್ಮನ ಥರ ದೇವರು ಇದ್ದಾನಾ?

ನಂದಿ ತಪ್ಪಲು:
ಇತ್ತು ಮೇಷ್ಟ್ರೇ. 1873ರಲ್ಲಿ ಸರ್ಕಾರ ಸೌರ ಕ್ಯಾಲೆಂಡರಿಗೆ ಬದಲಾಯಿಸಿತು, ಹಬ್ಬವೂ ಅದರ ಜೊತೆ ಜನವರಿಗೆ ಬಂತು. ಬಡಗಿಗಳು ನೆನೆಯುವುದು ರಾಜಕುಮಾರ ಶೋತೊಕುವನ್ನು (574–622). ಅವನ ಹೆಸರಿನ ಜೊತೆ ಸೇರಿರುವ ಹೋರ್ಯೂಜಿ ದೇವಾಲಯದಲ್ಲಿ ಜಗತ್ತಿನಲ್ಲೇ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳಿವೆ. ಇನ್ನೊಂದು ಬಿಟ್ಟಿದ್ದೆ. ಜನವರಿ 4ಕ್ಕೆ ಕಾಮಕುರಾದ ತ್ಸುರುಗಓಕ ಹಚಿಮಾನ್ ಗುಡಿಯಲ್ಲಿ ಬಡಗಿಗಳು ಹಳೇ ಉಡುಪು ತೊಟ್ಟು, ಒಂದು ದಿಮ್ಮಿಯ ಮೇಲೆ ಗರಗಸ, ಬಾಚಿ, ಉಜ್ಜುಗೊರಡು ಆಡಿಸಿ ವರ್ಷದ ಕೆಲಸ ಶುರು ಮಾಡುತ್ತಾರೆ.

ಶಿವಾರಪಟ್ಟಣದ ಉಳಿ:
ನಾನು ಮಾಲೂರು ತಾಲ್ಲೂಕಿನವನು, ಕಲ್ಲು ಕೆತ್ತನೆ ಕೆಲಸ. ಅಕ್ಕ, ಅಪ್ಪನಿಗೆ ಒಂದು ಮಾತು ಹೇಳಿ. ಜಪಾನಿ ಉಳಿ ತರಿಸಿದರೆ ಆಯುಧಪೂಜೆ ದಿನ ಅರಿಶಿನ ಕುಂಕುಮ ಹಿಡಿಗೆ ಇಡಲಿ, ಅಲಗಿಗೆ ಬೇಡ. ಆ ಉಕ್ಕಿನಲ್ಲಿ ಇಂಗಾಲ ಜಾಸ್ತಿ. ಒದ್ದೆ ಕುಂಕುಮ ರಾತ್ರಿಯಿಡೀ ಕೂತರೆ ಬೆಳಗ್ಗೆಗೆ ತುಕ್ಕಿನ ಚುಕ್ಕೆ.

ಕ್ಯಾತ್ಸಂದ್ರದ ಮಗಳು:
ಎಲ್ಲಾ ಓದಿ ಹೇಳಿದೆ. ಯಜಮಾನರು ನೆಲ ಒರೆಸಿದ್ದನ್ನು ಎರಡು ಸಲ ಓದಿಸಿದರು. ಅಪ್ಪನ ಎರಡು ಪ್ರಶ್ನೆ: ರಜೆ ಮುಗಿದ ಮೇಲೆ ಆ ಉಂಡೆ ಏನು ಮಾಡ್ತಾರೆ? ಅಲಗಿಗೆ ಕೊಬ್ಬರಿ ಎಣ್ಣೆ ಆಗುತ್ತಾ?

ನಂದಿ ತಪ್ಪಲು:
ತಿನ್ನುತ್ತಾರೆ! ಅಷ್ಟು ಹೊತ್ತಿಗೆ ಕಲ್ಲಾಗಿರುತ್ತೆ. ಸಾಮಾನ್ಯವಾಗಿ ಜನವರಿ 11ಕ್ಕೆ ಮರದ ಕೊಡತಿಯಿಂದ ಒಡೆದು, ಸಿಹಿ ಕಾಳಿನ ಪಾಯಸಕ್ಕೆ ಹಾಕುತ್ತಾರೆ. ದೇವರಿಗಿಟ್ಟದ್ದನ್ನು ಚಾಕುವಿನಿಂದ ಕತ್ತರಿಸಬಾರದು.

ಎಣ್ಣೆ ವಿಷಯಕ್ಕೆ, ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ಡಿಸೆಂಬರ್ ಬೆಳಗಿನ ಚಳಿಗೆ ಅಲಗಿನ ಮೇಲೆ ಬೆಣ್ಣೆ ಕಟ್ಟಿರುತ್ತೆ. ಕಡಲೆಕಾಯಿ ಎಣ್ಣೆ ನಿಧಾನಕ್ಕೆ ಅಂಟಾಗುತ್ತೆ. ಹೊಲಿಗೆ ಮಿಷನ್ ಎಣ್ಣೆ ತಗೊಳ್ಳಿ. ಬಟ್ಟೆಗೆ ಎರಡು ಹನಿ ಹಾಕಿ, ಅಲಗು ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಒರೆಸಿದರೆ ಸಾಕು.