ಚಳಿಗಾಲದ ಚಾರಣ ಬಳಗ ಸೇರುವ ಮುನ್ನ: ಬಾದಾಮಿ, ಬೆಳಗಾವಿ ಗುಡ್ಡಗಳ ಬಗ್ಗೆ ತಿಳಿಸಿ

ಪ್ರಶ್ನೆ: ಬಿಳಿಜೋಳ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ಚಾರಣ ಬಳಗವೊಂದು ಡಿಸೆಂಬರಿನಿಂದ ಫೆಬ್ರುವರಿಯವರೆಗೆ ರವಿವಾರಗಳಂದು ನಡೆಸುವ ಕಾರ್ಯಕ್ರಮಗಳ ಪಟ್ಟಿಯನ್ನು ಗೆಳೆಯರೊಬ್ಬರು ಕಳುಹಿಸಿದ್ದಾರೆ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿನ ನಡಿಗೆ, ಬಾದಾಮಿ ಬಳಿಯ ಸಿಡಿಲಫಡಿ ಎಂಬ ಬಂಡೆಯಾಸರೆ, ಬೆಳಗಾವಿ ಹತ್ತಿರದ ಯಳ್ಳೂರು ಕೋಟೆ, ಖಾನಾಪುರದ ಕಾಡಂಚಿನಲ್ಲಿ ಒಂದು ರಾತ್ರಿಯ ವಸತಿ, ಬಂಡೆ ಹತ್ತುವುದರ ಪರಿಚಯ ಇವೆಲ್ಲ ಅದರಲ್ಲಿವೆ. ನನ್ನೊಡನೆ ಬರಲು ಉತ್ಸುಕರಾಗಿರುವವರು ಇಬ್ಬರು: ನಿವೃತ್ತ ಶಿಕ್ಷಕರಾದ ನಮ್ಮ ತಂದೆಯವರು ಮತ್ತು ಏಳನೆಯ ತರಗತಿಯಲ್ಲಿ ಓದುತ್ತಿರುವ ಮಗಳು. ತಂದೆಯವರಿಗೆ ಸಕ್ಕರೆ ಕಾಯಿಲೆಯಿದೆ, ಆದರೆ ದಿನಾಲೂ ಒಂದು ತಾಸು ತಪ್ಪದೆ ನಡೆಯುತ್ತಾರೆ. ನಡೆಯುವುದೇನೋ ಸಮತಟ್ಟಾದ ನೆಲದ ಮೇಲೆ; ನಮ್ಮೂರಿನಲ್ಲಿ ಏರುವುದೆಂದರೆ ಗೋಳಗುಮ್ಮಟದ ಮೆಟ್ಟಿಲು, ಇಲ್ಲವೇ ಉಪ್ಪಲಿ ಬುರುಜು, ಅಷ್ಟೇ.

ಮೊದಲು ಯಾವ ನಡಿಗೆಗೆ ಹೋಗುವುದು ಸೂಕ್ತ, ಚಳಿಗೆ ಏನು ಸಿದ್ಧತೆ ಬೇಕು, ಪರಿಚಯವಿಲ್ಲದ ಬಳಗವನ್ನು ನಂಬುವ ಮೊದಲು ಏನನ್ನು ವಿಚಾರಿಸಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ. ರಾತ್ರಿ ವಸತಿಯ ಕಾರ್ಯಕ್ರಮಕ್ಕೆ ಮನೆಯವರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ ಎಂಬುದನ್ನೂ ಗಮನಕ್ಕೆ ತರುತ್ತೇನೆ.

ಉತ್ತರ: ಕೆಂಪುಗಲ್ಲು, ಬಾದಾಮಿ

ಸರ್, ನಮ್ಮ ಭಾಗದ ಚಳಿಗಾಲದ ಚಾರಣದಲ್ಲಿ ಚಳಿಗಿಂತ ಬಿಸಿಲಿಗೆ ಹೆಚ್ಚು ಅಂಜಬೇಕು. ಬೆಳಗಿನ ಜಾವ ಸ್ವೆಟರ್ ಬೇಕೆನಿಸುವ ಬಾದಾಮಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ತಾಪಮಾನ 30 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಮರಳುಗಲ್ಲು ಒಮ್ಮೆ ಕಾದಿತೆಂದರೆ ಝಳ ತಲೆಯ ಮೇಲಿನಿಂದಲೂ ಕಾಲಡಿಯಿಂದಲೂ ಹೊಡೆಯುತ್ತದೆ, ಗುಡ್ಡದ ನೆತ್ತಿಯಲ್ಲಿ ನಿಂತು ದಣಿವಾರಿಸಿಕೊಳ್ಳುವಂಥ ನೆರಳೂ ಹೆಚ್ಚಿಲ್ಲ. ಹಗಲೂ ಚಿಕ್ಕದು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮೂಡುವುದು ಏಳರ ಸುಮಾರಿಗೆ, ಮುಳುಗುವುದು ಆರು ದಾಟುತ್ತಲೇ. ಆದ್ದರಿಂದ ಬೆಳಕು ಹರಿಯುವ ಹೊತ್ತಿಗೆ ಗುಡ್ಡದ ಬುಡದಲ್ಲಿದ್ದು ಹನ್ನೊಂದರೊಳಗೆ ಇಳಿದುಬಿಡುವ ಬಳಗವಾದರೆ ಮಾತ್ರ ತಂದೆಯವರನ್ನು ಕರೆತನ್ನಿ. ಒಂಬತ್ತಕ್ಕೆ ಉಪಾಹಾರ ಮುಗಿಸಿ, ಗುಂಪಿನ ಫೋಟೋ ತೆಗೆದುಕೊಂಡು, ಹತ್ತಕ್ಕೆ ಏರಲು ಆರಂಭಿಸುವವರೂ ಇದ್ದಾರೆ. ಅಂಥವರ ಜೊತೆ ಬೇಡ.

ಮೊದಲ ನಡಿಗೆಗೆ ನಾನು ಮಹಾಕೂಟವನ್ನೇ ಸೂಚಿಸುತ್ತೇನೆ. ರಸ್ತೆಯ ಸುತ್ತನ್ನು ಬಿಟ್ಟು ಗುಡ್ಡದ ಮೇಲಿನಿಂದ ಹಾಯುವ ಹಳೆಯ ಕಾಲುದಾರಿ ಸುಮಾರು 5 ಕಿಲೋಮೀಟರ್ ಇದೆ. ಮೊದಲ ಏರು ಮುಗಿದ ಮೇಲೆ ನೆಲ ಹೆಚ್ಚುಕಡಿಮೆ ಮಟ್ಟಸ. ತೊಡಕು ಇರುವುದು ಅಲ್ಲಿಯೇ: ಕುರಿ ದನಗಳು ಮಾಡಿದ ಹೆಜ್ಜೆದಾರಿಗಳು ಕವಲೊಡೆಯುತ್ತ ಹೋಗುವುದರಿಂದ, ದಾರಿ ಬಲ್ಲವರಿಲ್ಲದೆ ಹೋದವರು ಒಣ ಹುಲ್ಲಿನ ನಡುವೆ ಸುತ್ತುತ್ತಾರೆ. ಆ ಹುಲ್ಲಿನ ಮುಳ್ಳಿನಂಥ ಬೀಜಗಳು ಕಾಲುಚೀಲದ ನೂಲನ್ನು ಹೊಕ್ಕು ಹಿಮ್ಮಡಿಯ ಮೇಲೆ ಚುಚ್ಚುತ್ತ ಕುಳಿತರೆ, ಬೂಟು ಬಿಚ್ಚಿ ಒಂದೊಂದನ್ನೇ ಹಿಂದಕ್ಕೆ ಎಳೆದು ತೆಗೆಯದೆ ಬೇರೆ ಉಪಾಯವಿಲ್ಲ. ಉದ್ದ ಪ್ಯಾಂಟು ತೊಟ್ಟು, ಅಂಚನ್ನು ಕಾಲುಚೀಲದ ಹೊರಗೆ ಇಳಿಬಿಡಿ. ಅಡಿಭಾಗ ಸವೆದ ಚಪ್ಪಲಿ ಬೇಡ, ಏಕೆಂದರೆ ಇಳಿಜಾರಿನಲ್ಲಿ ಬಂಡೆಯ ಮೇಲೆ ಹರಡಿದ ಸಣ್ಣ ಹರಳು ಕಾಲನ್ನು ಜಾರಿಸುತ್ತದೆ. ಮೊಣಕಾಲಿಗೆ ಏರಿಗಿಂತ ಇಳುಕಲೇ ಕಷ್ಟವಾದ್ದರಿಂದ ತಂದೆಯವರ ಕೈಯಲ್ಲಿ ಕೋಲಿರಲಿ. ತಲಾ 3 ಲೀಟರ್ ನೀರು ಹೊರಬೇಕು. ಮೇಲೆ ನೀರು ಸಿಗುತ್ತದೆಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಮಹಾಕೂಟದಲ್ಲಿ ಇಳಿದಾಗ ನೆಲದಿಂದ ಉಕ್ಕುವ ನೀರಿನ ಪುಷ್ಕರಿಣಿ, ಅದರ ಸುತ್ತ ಚಾಲುಕ್ಯರ ಕಾಲದ ಗುಡಿಗಳ ಗುಂಪು ಎದುರಾಗುತ್ತವೆ. ಚಾಲುಕ್ಯ ಅರಸ ಮಂಗಲೇಶನ ಸ್ತಂಭಶಾಸನವನ್ನು ಮಾತ್ರ ಅಲ್ಲಿ ಹುಡುಕಬೇಡಿ, ಅದು ನಿಮ್ಮೂರಿನ ಗೋಳಗುಮ್ಮಟದ ಮುಂದಿರುವ ವಸ್ತುಸಂಗ್ರಹಾಲಯದಲ್ಲಿದೆ. ಬರುವ ಮೊದಲು ಮಗಳಿಗೆ ಅದನ್ನು ತೋರಿಸಿದರೆ ನಡಿಗೆಗೆ ಒಂದು ಗುರಿ ಸಿಕ್ಕಂತಾಗುತ್ತದೆ.

ಇನ್ನು ಹೆಜ್ಜೇನಿನ ವಿಷಯ. ಬಾದಾಮಿಯ ಬಂಡೆಗಳ ಚಾಚಿನ ಕೆಳಗೆ ಈ ಕಾಲದಲ್ಲಿ ದೊಡ್ಡ ದೊಡ್ಡ ಗೂಡುಗಳು ತೂಗುತ್ತಿರುತ್ತವೆ. ಸುಗಂಧದ ಎಣ್ಣೆ, ಸೆಂಟು ಹಚ್ಚಿಕೊಂಡು ಬರಬಾರದು. ಹೊಗೆ, ಕೂಗಾಟ, ಕಲ್ಲೆಸೆತ ಯಾವುದೂ ಕೂಡದು. ಹುಳುಗಳು ಎದ್ದರೆ ಕೈ ಬೀಸುತ್ತ ನಿಲ್ಲದೆ, ಮುಖ ತಲೆಗಳನ್ನು ಬಟ್ಟೆಯಿಂದ ಮುಚ್ಚಿಕೊಂಡು ಆದಷ್ಟು ಬೇಗ ದೂರ ಸರಿಯಬೇಕು, ಮುಚ್ಚಿದ ಕೋಣೆಯೋ ವಾಹನವೋ ಸಿಕ್ಕರೆ ಒಳಗೆ ಸೇರಿಕೊಳ್ಳಬೇಕು. ನೀರಿಗೆ ಹಾರುವುದರಿಂದ ಪ್ರಯೋಜನವಿಲ್ಲ, ಅವು ಮೇಲೆ ಕಾಯುತ್ತವೆ. ಹೊರಡುವ ಮುನ್ನ ಇಷ್ಟನ್ನು ಹೇಳಿಕೊಡದ ಮುಂದಾಳು ನನ್ನ ಲೆಕ್ಕದಲ್ಲಿ ಮುಂದಾಳೇ ಅಲ್ಲ.

ಉತ್ತರ: ಮಲಪ್ರಭೆಯ ಮೇಲ್ದಂಡೆ, ಖಾನಾಪುರ

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಮೊದಲ ನಡಿಗೆಯ ಆಯ್ಕೆಯಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಹಿರಿಯರ ದೇಹ ಏರಿಗೆ ಹೇಗೆ ಸ್ಪಂದಿಸುತ್ತದೆಂದು ತಿಳಿಯುವ ತನಕ, ನಡುವೆ ಬಿಟ್ಟು ಮರಳಲು ಅನುಕೂಲವಿರುವ ಜಾಗವೇ ಲೇಸು. ಯಳ್ಳೂರು ಕೋಟೆ, ಅಂದರೆ ರಾಜಹಂಸಗಡ, ಅಂಥದು. ಬೆಳಗಾವಿಗೆ ಸಮೀಪ, ಮೇಲಿನವರೆಗೂ ರಸ್ತೆಯಿದೆ, ದಣಿದವರು ವಾಹನದಲ್ಲಿ ಇಳಿಯಬಹುದು. ಗುಡ್ಡ ಹತ್ತುವ ರುಚಿ ಅಲ್ಲಿ ತಿಳಿಯುತ್ತದೆ, ಅಪಾಯ ಕಡಿಮೆ. ವಿಜಯಪುರದಿಂದ ದೂರವಾಗುತ್ತದೆ ಎಂಬುದು ನಿಜ.

ಚಳಿಯ ಮಾತು ಬಾದಾಮಿಗೂ ನಮಗೂ ಒಂದೇ ಅಲ್ಲ. ಸಹ್ಯಾದ್ರಿಯ ಮಗ್ಗುಲಿನ ಖಾನಾಪುರ ಸೀಮೆಯಲ್ಲಿ ಜನವರಿಯ ರಾತ್ರಿ ಇಬ್ಬನಿ ಬಿದ್ದು ಡೇರೆಯ ಒಳಮೈಯೂ ಒದ್ದೆಯಾಗುತ್ತದೆ. ಕೆಳಗೆ ಹಾಸಲು ದಪ್ಪ ಜಮಖಾನೆಯೋ ಚಾಪೆಯೋ ಇಲ್ಲದಿದ್ದರೆ, ಮೇಲೆ ಎಷ್ಟು ಹೊದ್ದರೂ ನೆಲದ ಥಂಡಿ ಬೆನ್ನಿಗೆ ಹತ್ತುತ್ತದೆ. ಹಗಲೆಲ್ಲ ಬೆವರಿದ ಬನಿಯನ್ ಬದಲಿಸಿ ಒಣಗಿದ್ದನ್ನು ತೊಟ್ಟು ಮಲಗಬೇಕು.

ಅದಕ್ಕಿಂತ ಮುಖ್ಯವಾದುದು ಅನುಮತಿ. ನಮ್ಮ ಖಾನಾಪುರ ತಾಲ್ಲೂಕಿನ ಭೀಮಗಡವು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾಗಿದೆ. ಸುಮಾರು 190 ಚದರ ಕಿಲೋಮೀಟರಿನ ಈ ಕಾಡಿನೊಳಗೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಕಾಲಿಡುವುದು ಅಪರಾಧ. ಅದರೊಳಗಿನ ಬಾರಾಪೇಡೆ ಗುಹೆಗಳನ್ನು ತೋರಿಸುತ್ತೇವೆಂದು ಯಾರಾದರೂ ಹೇಳಿದರೆ ಅವರಿಂದ ದೂರವಿರಿ. ಬಹುಕಾಲದವರೆಗೆ ಜಗತ್ತಿನಲ್ಲಿ ಬೇರೆಲ್ಲೂ ಕಾಣದಿದ್ದ ರಾಟನ್ ಬಾವಲಿಗಳು ಅಲ್ಲಿ ಮರಿ ಮಾಡುತ್ತವೆ, ಟಾರ್ಚ್ ಬೆಳಕೂ ಗದ್ದಲವೂ ಅವನ್ನು ಗುಹೆ ಬಿಡುವಂತೆ ಮಾಡಬಲ್ಲವು. ನಿಮಗೆ ಬಂದಿರುವ ಪಟ್ಟಿಯಲ್ಲಿ ‘ಕಾಡಂಚು’ ಎಂದಷ್ಟೇ ಇದೆ. ಯಾವ ಹಳ್ಳಿ, ಯಾರ ಜಾಗ, ಅನುಮತಿಪತ್ರ ಯಾರ ಹೆಸರಿನಲ್ಲಿದೆ ಎಂದು ಕೇಳಿ, ಪ್ರತಿಯನ್ನೇ ತರಿಸಿಕೊಳ್ಳಿ. ನಿಮ್ಮ ಮನೆಯವರ ಹಿಂಜರಿಕೆ ಈ ವರ್ಷದ ಮಟ್ಟಿಗೆ ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ.

ಉತ್ತರ: ಗುಬ್ಬಿಗೂಡು, ಬಾಗಲಕೋಟೆ

ಬಳಗದ ಬಗ್ಗೆ ಕೇಳಿದ್ದಕ್ಕೆ ಇಬ್ಬರೂ ಅಣ್ಣಂದಿರು ಅರ್ಧ ಉತ್ತರವನ್ನಷ್ಟೇ ಕೊಟ್ಟಿದ್ದಾರೆ. ಹೆಣ್ಣುಮಗುವನ್ನು ಕರೆದುಕೊಂಡು ಹೋಗುವಾಗ ಮೊದಲು ವಿಚಾರಿಸಬೇಕಾದುದು, ಜೊತೆಗೆ ಬೇರೆ ಹೆಣ್ಣುಮಕ್ಕಳು ಇರುತ್ತಾರೆಯೇ, ಶೌಚಕ್ಕೆ ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು. ಇದನ್ನು ಕೇಳಲು ಸಂಕೋಚಪಟ್ಟು ನೀರು ಕುಡಿಯದೆ ನಡೆದು ತಲೆನೋವು ಬರಿಸಿಕೊಳ್ಳುವ ಹುಡುಗಿಯರನ್ನು ನಮ್ಮ ಬಳಗದಲ್ಲೇ ನೋಡಿದ್ದೇನೆ. ಎರಡನೆಯದಾಗಿ, ಮುಂದೆ ದಾರಿ ತೋರುವವರಷ್ಟೇ ಸಾಲದು, ಎಲ್ಲರಿಗಿಂತ ಹಿಂದೆ ನಡೆಯುವ ಹೊಣೆಯನ್ನೂ ಒಬ್ಬರಿಗೆ ಒಪ್ಪಿಸಿರಬೇಕು. ಪ್ರತಿ ಕವಲಿನಲ್ಲಿ ಆ ಕೊನೆಯವರು ಬಂದು ಮುಟ್ಟುವ ತನಕ ಮುಂದಿನವರು ನಿಲ್ಲಬೇಕು. ನಿಧಾನಿಗಳು ಬಂದು ಸೇರಿದ ಕೂಡಲೇ ವಿಶ್ರಾಂತಿ ಮುಗಿಸಿ ಎದ್ದು ಹೊರಡುವ ಗುಂಪುಗಳಲ್ಲಿ, ವಿಶ್ರಾಂತಿ ಬೇಕಾದವರಿಗೇ ಅದು ಸಿಗುವುದಿಲ್ಲ.

ಬಂಡೆ ಹತ್ತುವ ಕಾರ್ಯಕ್ರಮವನ್ನು ಯಾರೂ ಪ್ರಸ್ತಾಪಿಸಿಲ್ಲ. ಮಗಳಿಗೆ ಆಸಕ್ತಿಯಿದ್ದರೆ ಖಂಡಿತ ಸೇರಿಸಿ. ಬಾದಾಮಿಯ ಮರಳುಗಲ್ಲು ಹಿಡಿತಕ್ಕೆ ಒಳ್ಳೆಯದಾದ್ದರಿಂದ ದೇಶದ ನಾನಾ ಕಡೆಗಳಿಂದ ಹತ್ತುವವರು ಬರುತ್ತಾರೆ; ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ಅಲ್ಲಿ ತರಬೇತಿ ನಡೆಸುತ್ತದೆ. ಹೆಲ್ಮೆಟ್ ಇರಬೇಕು, ಸೊಂಟಪಟ್ಟಿಯ ಗಂಟನ್ನು ಹತ್ತುವವರಲ್ಲದೆ ಇನ್ನೊಬ್ಬರೂ ಮುಟ್ಟಿ ಪರೀಕ್ಷಿಸಬೇಕು, ಕೆಳಗೆ ಹಗ್ಗ ಹಿಡಿದವರು ಮೊಬೈಲ್ ನೋಡುತ್ತಿರಬಾರದು. ಮಳೆ ಬಂದ ಮರುದಿನ ಮರಳುಗಲ್ಲು ಮೆದುವಾಗಿ ಹಿಡಿಕೆ ಕಿತ್ತುಬರಬಹುದು, ಆದರೆ ಈ ತಿಂಗಳುಗಳಲ್ಲಿ ಮಳೆ ವಿರಳ. ಕೆತ್ತನೆ, ಶಾಸನಗಳಿರುವ ಬಂಡೆಗಳನ್ನು ಮುಟ್ಟುವಂತಿಲ್ಲ.

ತಂದೆಯವರಿಗೆ ಏರು ಒಗ್ಗದಿದ್ದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋಗುವ ಬಳಗಗಳೂ ಇವೆ. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವುದು ಅಲ್ಲಿ. ಕೆರೆಯ ದಂಡೆಯಲ್ಲಿ ಕುಳಿತೇ ನೋಡಬಹುದು.

ಪ್ರಶ್ನೆ ಕೇಳಿದವರು: ಬಿಳಿಜೋಳ, ವಿಜಯಪುರ

ಮೂವರಿಗೂ ಧನ್ಯವಾದಗಳು. ಬಳಗದವರಿಗೆ ಫೋನ್ ಮಾಡಿದಾಗ, ಹಿಂದೆ ನಡೆಯಲು ಇಬ್ಬರಿರುತ್ತಾರೆ, ಅವರಲ್ಲಿ ಒಬ್ಬರು ಮಹಿಳೆ ಎಂದರು. ಖಾನಾಪುರದ ಅನುಮತಿಯ ಬಗ್ಗೆ ಕೇಳಿದ್ದಕ್ಕೆ ‘ನೋಡೋಣ’ ಎಂಬ ಉತ್ತರ ಬಂದುದರಿಂದ ಅದನ್ನು ಕೈಬಿಟ್ಟಿದ್ದೇವೆ. ದೂರದ ಕಾರಣಕ್ಕೆ ಮಹಾಕೂಟವನ್ನೇ ಆರಿಸಿಕೊಂಡಿದ್ದೇವೆ. ತಂದೆಯವರ ಮಾತ್ರೆ ಮತ್ತು ಊಟದ ಹೊತ್ತು ಹೇಗೆ ಹೊಂದಿಸುವುದು ಎಂಬುದೊಂದು ಉಳಿಯಿತು.

ಉತ್ತರ: ಕೆಂಪುಗಲ್ಲು, ಬಾದಾಮಿ

ಮಾತ್ರೆಯ ಹೊತ್ತನ್ನು ಅವರ ವೈದ್ಯರಲ್ಲೇ ಕೇಳಿ. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ ಏರಲು ಮಾತ್ರ ಬಿಡಬೇಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರೆ ಕೆಡುವುದಿಲ್ಲ. ಬೆವರು, ಕೈನಡುಕ, ತಲೆ ತಿರುಗುವುದು ಕಂಡರೆ ಕೂಡಲೇ ಕೂರಿಸಿ ಕೊಡಲು ಸಕ್ಕರೆಯೋ ಗ್ಲೂಕೋಸ್ ಪುಡಿಯೋ ನಿಮ್ಮ ಕಿಸೆಯಲ್ಲಿರಲಿ, ಅವರ ಚೀಲದಲ್ಲಿ ಬೇಡ. ಇಳಿದ ಮೇಲೆ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳಿಂದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಗಡಿಗೆಯ ಮೊಸರು ಕೊಂಡು ಊಟ ಮಾಡಬಹುದು. ಪುಷ್ಯ ಮಾಸದ ಹುಣ್ಣಿಮೆಗೆ ಅಲ್ಲಿ ತೇರು ಎಳೆಯುತ್ತಾರೆ, ಜಾತ್ರೆ ಮುಂದೆಯೂ ಬಹಳ ದಿನ ನಡೆಯುತ್ತದೆ. ಆ ದಿನಗಳಲ್ಲಿ ಬಾದಾಮಿಯಲ್ಲಿ ಕೋಣೆ ಸಿಗುವುದು ಕಷ್ಟ. ಶನಿವಾರ ಸಂಜೆ ರೈಲಿಗೆ ಬರುವುದಾದರೆ, ನಿಲ್ದಾಣದಿಂದ ಊರು ಸುಮಾರು 5 ಕಿಲೋಮೀಟರ್ ದೂರವಿರುವುದರಿಂದ ಆಟೋದವರಿಗೆ ಮೊದಲೇ ಹೇಳಿಡಿ.