ಸೂ ಫಾಲ್ಸ್‌ನಿಂದ ರ್ಯಾಪಿಡ್ ಸಿಟಿಗೆ: ಬ್ಯಾಡ್‌ಲ್ಯಾಂಡ್ಸ್ ಮೂಲಕ ಹೋಗಲು ಎಷ್ಟು ಹೊತ್ತು ಬೇಕು?

ಬಯಲುದಾರಿ:
ಜೂನ್‌ನಲ್ಲಿ ಅಮೆರಿಕದ ಸೌತ್ ಡಕೋಟಾದ ಐ-90 ಹೆದ್ದಾರಿ ಹಿಡಿದು ಒಂದೇ ದಿನದಲ್ಲಿ ರ್ಯಾಪಿಡ್ ಸಿಟಿ ಸೇರಬೇಕು. ಬಾಡಿಗೆ ಸೆಡಾನ್, ಜೊತೆಗೆ ವಯಸ್ಸಾದ ಅಪ್ಪ-ಅಮ್ಮ. ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುವ ಲೂಪ್ ರಸ್ತೆಗೆ ಎಷ್ಟು ಸಮಯ ಇಡಲಿ? ಸೇಜ್ ಕ್ರೀಕ್ ರಿಮ್‌ನ ಜಲ್ಲಿ ರಸ್ತೆಗೆ ಈ ಕಾರು ಸಾಕಾ?

ಮೈಲಿಗಲ್ಲು:
131ನೇ ಎಕ್ಸಿಟ್‌ನಲ್ಲಿ ಇಳಿದು 240ನೇ ರಾಜ್ಯ ಹೆದ್ದಾರಿ ಹಿಡಿಯಿರಿ, ವಾಲ್ ಊರಿನ 110ರಲ್ಲಿ ಮತ್ತೆ ಐ-90 ಸೇರಿ. ಎಕ್ಸಿಟ್ ಸಂಖ್ಯೆ ಅಂದರೆ ವಯೋಮಿಂಗ್ ಗಡಿಯಿಂದ ಮೈಲಿ ಲೆಕ್ಕ, ಹಾಗಾಗಿ ಹೆದ್ದಾರಿಯಲ್ಲೇ ಹೋದರೆ ಇದು 21 ಮೈಲಿ; ಒಳದಾರಿ ಸುಮಾರು ಅದರ ಎರಡರಷ್ಟು, ತಿರುವುಗಳೇ ಹೆಚ್ಚು. ನಿಂತು ನೋಡುವುದಾದರೆ ನಾಲ್ಕು ಗಂಟೆ ಇಡಿ.

ಹಿರಿಯರಿಗೆ ವಿಂಡೋ ಟ್ರೇಲ್, ಫಾಸಿಲ್ ಎಕ್ಸಿಬಿಟ್ ಟ್ರೇಲ್ ಸಾಕು. ಎರಡೂ ಕಾಲು ಮೈಲಿ, ಹಲಗೆ ಹಾಸಿದ ದಾರಿ. ವಿಂಡೋ ಪಕ್ಕದಿಂದಲೇ ಹೊರಡುವ ನಾಚ್ ಟ್ರೇಲ್‌ನಲ್ಲಿ ಮರದ ದಿಮ್ಮಿಗಳ ಏಣಿ ಹತ್ತಬೇಕು, ಬೇಡ.

ಜೇಡಿಮಣ್ಣು:
ಜಲ್ಲಿ ರಸ್ತೆ ಒಣಗಿದ್ದರೆ ಸೆಡಾನ್ ಧಾರಾಳ ಸಾಕು, ನಿಧಾನ ಹೋಗಿ. ಮಳೆ ಬಿದ್ದಿದ್ದರೆ ಆ ಕಡೆ ತಿರುಗಲೇಬೇಡಿ. ಅಲ್ಲಿನ ಮಣ್ಣಿನಲ್ಲಿ ಬೆಂಟೊನೈಟ್ ಜೇಡಿ ಇದೆ. ನೀರು ಹೀರಿ ಉಬ್ಬುತ್ತದೆ, ಟೈರಿನ ಗೀರುಗಳಲ್ಲಿ ತುಂಬಿಕೊಂಡು ಹಿಡಿತವೇ ತಪ್ಪುತ್ತದೆ. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯೂ ಜಾರುತ್ತದೆ. ಬೆನ್ ರೈಫಲ್ ಸಂದರ್ಶಕ ಕೇಂದ್ರದಲ್ಲಿ ಅವತ್ತಿನ ಸ್ಥಿತಿ ಕೇಳಿ. ಬಾಡಿಗೆ ಕರಾರನ್ನೂ ಓದಿ, ಡಾಂಬರಿಲ್ಲದ ರಸ್ತೆಗೆ ಎಷ್ಟೋ ಕಡೆ ನಿಷೇಧ ಇರುತ್ತದೆ.

ಪೂರ್ತಿ ಹೋಗಬೇಕೆಂದೇನಿಲ್ಲ. ಐದು ಮೈಲಿಗೆ ರಾಬರ್ಟ್ಸ್ ಪ್ರೇರಿ ಡಾಗ್ ಟೌನ್ (ಅಳಿಲಿನ ಜಾತಿಯ ಪ್ರೇರಿ ಡಾಗ್‌ಗಳು ಬಿಲ ತೋಡಿ ಗುಂಪಾಗಿ ಬದುಕುವ ಜಾಗ) ಸಿಗುತ್ತದೆ, ಅಲ್ಲಿಂದ ವಾಪಸ್ ಬನ್ನಿ. ಕಾಡೆಮ್ಮೆಗಳು (ಬೈಸನ್) ರಸ್ತೆಗೇ ಬಂದು ನಿಂತರೆ ಕಾರಲ್ಲೇ ಕೂತು ಕಾಯಿರಿ. ಹಾರ್ನ್ ಬೇಡ.

ಪಡುವಣಬಿಸಿಲು:
ಮರ್ಡೊ ಊರು ದಾಟಿದ ಮೇಲೆ ಮೌಂಟನ್ ಸಮಯ ವಲಯ ಶುರು, ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಅಷ್ಟು ಲಾಭ. ಬೆಳಿಗ್ಗೆ ಎಂಟಕ್ಕೆ ಹೊರಟರೂ ಊಟದ ಹೊತ್ತಿಗೆ ಒಳಗಿರುತ್ತೀರಿ, ಅದೇ ತೊಂದರೆ: ನಡುಮಧ್ಯಾಹ್ನದ ಬಿಸಿಲಿಗೆ ಬಂಡೆಯ ಪದರಗಳೆಲ್ಲ ಒಂದೇ ಬೂದು ಬಣ್ಣ. ಆ ಹೊತ್ತನ್ನು ಸಂದರ್ಶಕ ಕೇಂದ್ರದಲ್ಲಿ ಕಳೆಯಿರಿ, ಬೇಸಿಗೆಯಲ್ಲಿ ಪಳೆಯುಳಿಕೆ ಬಿಡಿಸುವ ಪ್ರಯೋಗಾಲಯ ತೆರೆದಿರುತ್ತದೆ. ಯೆಲ್ಲೋ ಮೌಂಡ್ಸ್, ಪಿನಕಲ್ಸ್ ಎಂಬ ನೋಟದ ತಾಣಗಳು ಸಂಜೆಗಿರಲಿ. ಆ ಹಳದಿ ದಿಬ್ಬಗಳು ಸಮುದ್ರ ಹಿಂದೆ ಸರಿದ ಮೇಲೆ ಅದರ ತಳದ ಕೆಸರು ಗಾಳಿ-ಮಳೆಗೆ ಮಾಗಿ ಮಣ್ಣಾದದ್ದು. ಇಳಿಬಿಸಿಲಲ್ಲಿ ಬಣ್ಣ ಎದ್ದು ಕಾಣುತ್ತದೆ.

ಪೆಟ್ರೋಲ್ ಪಾರ್ಕಿಗೆ ಮೊದಲು ಸಿಗುವ ಕಡೋಕಾ ಊರಲ್ಲೇ ತುಂಬಿಸಿ, ಪಾರ್ಕಿನೊಳಗೆ ಬಂಕ್ ಇಲ್ಲ. ತಲೆಗೆ ಎರಡು ಲೀಟರಾದರೂ ನೀರು ಇರಲಿ, ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಜೂನ್ ಸಂಜೆ ಪಶ್ಚಿಮದಲ್ಲಿ ಮೋಡ ಕಪ್ಪಾದರೆ ಆಲಿಕಲ್ಲು ಬೀಳಬಹುದು, ಜಲ್ಲಿ ರಸ್ತೆ ಬಿಟ್ಟು ನೇರ ವಾಲ್ ಕಡೆ ಹೊರಡಿ.