ಪ್ರೊಸೆಸರ್ ‘ಥ್ರಾಟಲ್’ ಆಗುವುದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಪ್ರೊಸೆಸರ್, ಅಂದರೆ ಲ್ಯಾಪ್‌ಟಾಪಿನ ಲೆಕ್ಕವನ್ನೆಲ್ಲ ಮಾಡುವ ಚಿಪ್, ವಿಪರೀತ ಬಿಸಿಯಾದಾಗ ಸುಟ್ಟುಹೋಗದಿರಲಿ ಅಂತ ತನ್ನ ವೇಗವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಥ್ರಾಟಲಿಂಗ್ ಅನ್ನುತ್ತಾರೆ. ನಾವು ಏನನ್ನೋಣ?

ಪದ ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. ನಮ್ಮಣ್ಣನ ಮಗನ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ತಡವರಿಸಲು ಶುರು. ತೆರೆಯ ಮೇಲೆ ಓಡುತ್ತಿದ್ದವನು ಎರಡು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ, ಮತ್ತೆ ನೋಡಿದರೆ ಎಲ್ಲೋ ಮುಂದೆ ಇರುತ್ತಿದ್ದ. ಹುಡುಗ ರಿಪೇರಿಯವರಿಗೆ ತೋರಿಸಿ “ಹ್ಯಾಂಗ್ ಆಗ್ತಿದೆ” ಅಂದ. ಅವರು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಕೊಟ್ಟರು. ಏನೂ ಬದಲಾಗಲಿಲ್ಲ. ಇನ್ನೊಬ್ಬರ ಹತ್ತಿರ “ಲ್ಯಾಗ್ ಆಗ್ತಿದೆ” ಅಂದ. ಅವರು ಇಂಟರ್ನೆಟ್ ಸರಿ ಮಾಡಿಸು ಅಂದರು. ಅವನು ಆಡುತ್ತಿದ್ದದ್ದು ಇಂಟರ್ನೆಟ್ಟೇ ಬೇಕಿಲ್ಲದ ಗೇಮ್. ಹ್ಯಾಂಗ್ ಅಂದರೆ ನಿಂತೇಹೋಗುವುದು, ಲ್ಯಾಗ್ ಅಂದರೆ ತಡವಾಗಿ ಬರುವುದು. ಇಲ್ಲಿ ಆಗುತ್ತಿದ್ದದ್ದು ಮೂರನೆಯದು. ಅದಕ್ಕೆ ಅವನ ಬಾಯಲ್ಲಿ ಪದ ಇರಲಿಲ್ಲ. ಹಾಗಾಗಿ ಮದ್ದೂ ತಪ್ಪಾಯಿತು.

ನನ್ನ ಹತ್ತಿರ ಬಂದಾಗ ಪ್ರೊಸೆಸರಿನ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಅನ್ನುವ ತಂತ್ರಾಂಶ ತೆರೆದಿಟ್ಟು ಗೇಮ್ ಆಡಿಸಿದೆ. ಪ್ರೊಸೆಸರಿನ ಬಿಸಿ 96, 98, 100 ಡಿಗ್ರಿ. ಅಲ್ಲಿಗೆ ಮುಟ್ಟಿದ್ದೇ ತಡ, 4 ಗಿಗಾಹರ್ಟ್ಸ್ ಹತ್ತಿರ ಇದ್ದ ವೇಗ 1.4ಕ್ಕೆ ಬಿತ್ತು. ಸ್ವಲ್ಪ ತಣ್ಣಗಾಯಿತು, ವೇಗ ಏರಿತು, ಮತ್ತೆ ಬಿತ್ತು. ತೆರೆಯ ಮೇಲಿನ ತಡವರಿಕೆಯೂ ಸರಿಯಾಗಿ ಅದೇ ಲೆಕ್ಕಕ್ಕೆ. ತಳದ ಮುಚ್ಚಳ ಬಿಚ್ಚಿ ನೋಡಿದರೆ ಫ್ಯಾನು ಗಾಳಿ ಹೊರಗೆ ತಳ್ಳುವ ಜಾಗದಲ್ಲಿ ಧೂಳು ಕಂಬಳಿ ಚೂರಿನ ಹಾಗೆ ಕೂತಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು! ಪ್ರೊಸೆಸರಿನ ಬಿಸಿಯನ್ನು ಹೊರಗೆ ದಾಟಿಸಲು ಅದರ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು, ಅದನ್ನು ಒರೆಸಿ ಹೊಸದು ಹಚ್ಚಿದೆ. ಹಾಸಿಗೆ ಮೇಲಿಟ್ಟು ಆಡಬೇಡ, ಕೆಳಗಿನ ಕಿಂಡಿ ಮುಚ್ಚಿಹೋಗುತ್ತೆ ಅಂತಲೂ ಹೇಳಿದೆ. ಈಗ 85 ದಾಟುವುದಿಲ್ಲ, ಗೇಮೂ ತಡವರಿಸುವುದಿಲ್ಲ.

ಇನ್ನು ಪದದ ವಿಷಯ. ‘ಥ್ರಾಟಲ್’ ಅಂತಲೇ ಬರೆದುಬಿಡಿ ಅಂತ ಕೆಲವರು ಹೇಳಬಹುದು. ಬೇರೆ ಪದವಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಇಲ್ಲಿ ಒಂದು ತೊಡಕಿದೆ. ಬೈಕ್ ಓಡಿಸುವವರಿಗೆ ಥ್ರಾಟಲ್ ಅಂದರೆ ಬಲಗೈಯಲ್ಲಿ ತಿರುಗಿಸುವುದು. ತಿರುಗಿಸಿದರೆ ವೇಗ ಏರುತ್ತದೆ. ಅವರು ‘ಪ್ರೊಸೆಸರ್ ಥ್ರಾಟಲ್ ಆಗುತ್ತಿದೆ’ ಅಂತ ಓದಿದರೆ ವೇಗ ಜಾಸ್ತಿಯಾಗುತ್ತಿದೆ ಅಂದುಕೊಳ್ಳುತ್ತಾರೆ. ಪೂರಾ ಉಲ್ಟಾ! ಮೂಲದಲ್ಲಿ ಆ ಮಾತು ಗಂಟಲಿಗೆ ಸೇರಿದ್ದು, ಕತ್ತು ಹಿಸುಕುವುದು ಅಂತ ಅರ್ಥ. ಮುಂದೆ ಹಬೆ ಎಂಜಿನ್ನಿನಲ್ಲಿ ಹಬೆಯ ದಾರಿಯನ್ನು ಕಿರಿದು ಮಾಡುವ ಕವಾಟಕ್ಕೆ ಆ ಹೆಸರು ಬಂತು. ಕವಾಟ ತೆರೆದರೆ ಓಟ, ಮುಚ್ಚಿದರೆ ನಿಧಾನ. ಇಂಗ್ಲಿಷಿನವರು ಎರಡೂ ಕಡೆ ಅದೇ ಪದ ಇಟ್ಟುಕೊಂಡಿದ್ದಾರೆ. ನಾವು ಆ ಗೊಂದಲವನ್ನು ಯಾಕೆ ಹೊತ್ತು ತರಬೇಕು?

‘ವೇಗ ಇಳಿಕೆ’ ಸುಲಭವಾದ ಪದ, ಆದರೆ ಸಾಲದು. ಕೆಲಸ ಇಲ್ಲದಾಗಲೂ ಪ್ರೊಸೆಸರ್ ವೇಗ ಇಳಿಸುತ್ತದೆ, ಬ್ಯಾಟರಿ ಉಳಿಯಲಿ ಅಂತ. ಅದು ಒಳ್ಳೆಯದು. ಇಲ್ಲಿ ಕೆಲಸ ತಲೆ ಮೇಲೆ ಬಿದ್ದಿರುವಾಗ, ಓಡಲೇಬೇಕಾದ ಹೊತ್ತಿನಲ್ಲಿ ವೇಗ ಇಳಿಯುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಸುಮ್ನೆ ಕೂತ ಲ್ಯಾಪ್‌ಟಾಪಿನಲ್ಲಿ 0.8 ಗಿಗಾಹರ್ಟ್ಸ್ ನೋಡಿ ಜನ ಗಾಬರಿಯಾಗುತ್ತಾರೆ.

ಹುಡುಗನನ್ನೇ ಕೇಳಿದೆ. “ಚಿಕ್ಕಪ್ಪ, ಅದಕ್ಕೆ ಸುಸ್ತಾಗ್ತಿದೆ ಅನ್ನಬಹುದು” ಅಂದ. ಕಿವಿಗೆ ಹಿತವಾಗಿದೆ. ಆದರೆ ಸುಸ್ತು ಅಂದರೆ ಶಕ್ತಿ ಮುಗಿದಿದೆ ಅಂತ. ಇಲ್ಲಿ ಶಕ್ತಿ ಇದೆ, ಬಳಸಲು ಬಿಡುತ್ತಿಲ್ಲ ಅಷ್ಟೇ. ‘ಸುಸ್ತು’ ಅಂತ ಓದಿದವರು ಧೂಳು ತೆಗೆಯುವ ಬದಲು ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಡುತ್ತಾರೆ ಅನ್ನುವ ಚಿಂತೆ ನನಗೆ.

‘ಕಡಿವಾಣ’ ನನಗೆ ತುಂಬ ಇಷ್ಟವಾಗಿತ್ತು. ಆದರೆ ಪತ್ರಿಕೆಗಳಲ್ಲಿ ನಾವು ಕಡಿವಾಣ ಹಾಕುವುದು ಯಾವುದಕ್ಕೆ? ಬೆಲೆ ಏರಿಕೆಗೆ, ಲಂಚಕ್ಕೆ, ಅಕ್ರಮಕ್ಕೆ. ‘ವೇಗಕ್ಕೆ ಕಡಿವಾಣ’ ಅಂದರೆ ವೇಗವೇ ಕೆಟ್ಟದ್ದು ಅನ್ನುವ ಹಾಗೆ ಕೇಳುತ್ತದೆ. ‘ಬಿಸಿಯ ಕಡಿವಾಣ’ ಅಂದರೆ ಇನ್ನೂ ಕಷ್ಟ. ಬಿಸಿ ಹಾಕಿದ್ದೋ, ಬಿಸಿಗೆ ಹಾಕಿದ್ದೋ?

ಸದ್ಯಕ್ಕೆ ‘ಲಗಾಮು’ ಹತ್ತಿರ ಬಂದಿದ್ದೇನೆ. ಕುದುರೆ ತನ್ನಷ್ಟಕ್ಕೆ ನಿಧಾನ ನಡೆಯುವುದು ಬೇರೆ, ಓಡುತ್ತಿರುವಾಗ ಲಗಾಮು ಜಗ್ಗಿ ನಿಧಾನ ಮಾಡುವುದು ಬೇರೆ, ಅಲ್ವಾ? ನನಗೆ ಬೇಕಾದ ವ್ಯತ್ಯಾಸ ಇದೇ. ಇನ್ನೊಂದು ಅನುಕೂಲವೂ ಇದೆ. ವೇಗ ಬೀಳುವುದಕ್ಕೆ ಯಾವಾಗಲೂ ಬಿಸಿಯೇ ಕಾರಣವಲ್ಲ. ಇಷ್ಟು ವ್ಯಾಟ್‌ಗಿಂತ ಜಾಸ್ತಿ ವಿದ್ಯುತ್ ಎಳೆಯಬೇಡ ಅಂತ ಕಂಪನಿ ಇಟ್ಟ ಮಿತಿ ಇರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸರಿಯಾದ ಚಾರ್ಜರ್ ಹಾಕದಿದ್ದರೆ ಪ್ರೊಸೆಸರ್ ತಣ್ಣಗಿದ್ದರೂ ವೇಗ ತಳ ಹಿಡಿಯುತ್ತದೆ. ಆಗ ‘ಬಿಸಿಯಿಂದ ಬಿದ್ದ ಲಗಾಮು’, ‘ವ್ಯಾಟ್ ಲಗಾಮು’, ‘ಚಾರ್ಜರ್ ಲಗಾಮು’ ಅಂತ ಬಿಡಿಸಿ ಹೇಳಬಹುದು. ಒಂದೊಂದಕ್ಕೂ ಮದ್ದು ಬೇರೆ. ಹೆಸರು ಬೇರೆಯಾದರೆ ಓದುವವರು ಸರಿಯಾದ ಪುಟಕ್ಕೇ ಹೋಗುತ್ತಾರೆ.

ಆದರೂ ಎರಡು ಕಡೆ ಮನಸ್ಸು ಒಪ್ಪುತ್ತಿಲ್ಲ. ಲಗಾಮು ಹಿಡಿಯಲು ಸವಾರ ಬೇಕು. ಇಲ್ಲಿ ಪ್ರೊಸೆಸರೇ ಕುದುರೆ, ಪ್ರೊಸೆಸರೇ ಸವಾರ. ಇದು ಓದುವವರಿಗೆ ಅಡ್ಡ ಬರುತ್ತದೆಯೇ? ಇನ್ನೊಂದು, ‘ಪ್ರೊಸೆಸರ್ ಲಗಾಮಾಗುತ್ತಿದೆ’ ಅನ್ನಲು ಬರುವುದಿಲ್ಲ. ‘ಲಗಾಮು ಬೀಳುತ್ತಿದೆ’ ಸರಿಯೋ, ‘ಜಗ್ಗುತ್ತಿದೆ’ ಸರಿಯೋ? ಬರೀ ‘ಜಗ್ಗು’ ಅಂದರೆ ಸಾಕೇ? ನಿಮ್ಮ ಕಡೆ ಎತ್ತು, ಗಾಡಿ, ಯಂತ್ರಗಳನ್ನು ಓಟದ ನಡುವೆ ಹಿಡಿದು ನಿಧಾನ ಮಾಡುವುದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ಬರೆಯಿರಿ. ಬರೀ ಪದ ಬೇಡ, ಅದನ್ನು ಬಳಸಿದ ಒಂದು ವಾಕ್ಯವೂ ಜೊತೆಗಿರಲಿ. ಆ ವಾಕ್ಯವನ್ನು ಹುಡುಗನಿಗೆ ಓದಿ ಹೇಳಿ, ಏನು ಅರ್ಥವಾಯಿತು ಅಂತ ಕೇಳಿ ನೋಡುತ್ತೇನೆ.